ಐದನೇ ಪಾತ್ರೆಗೆ ನಾಲ್ಕು ಅಂಕ

ಬಾತೆಲ್, ಅಮೆರಿಕ,
೨೧ ಏಪ್ರಿಲ್ ೨೦೨೪

ಪ್ರಿಯ ವೀರಣ್ಣ,

ನ್ಯಾಯವಿರುವುದು ಹೊರಗಿನ ತೀರ್ಪಿನಲ್ಲಲ್ಲ, ಒಳಗಿನ ಅಚ್ಚುಕಟ್ಟಿನಲ್ಲಿ ಎಂದಲ್ಲವೇ ನೀನು ಬರೆದದ್ದು? ಬುದ್ಧಿ, ರೋಷ, ಹಸಿವು ಮೂರೂ ತಂತಮ್ಮ ಕೆಲಸ ಮಾಡಿಕೊಂಡು, ಒಂದರ ಕೆಲಸಕ್ಕೆ ಇನ್ನೊಂದು ಕೈಹಾಕದಿದ್ದರೆ ಅಂಥವನನ್ನು ಗ್ರೀಕರು ನ್ಯಾಯವಂತ ಎನ್ನುತ್ತಿದ್ದರೆಂದೂ ಇತ್ತು. ಕಾಲೇಜಿನಲ್ಲಿ ಪಾಠ ಹೇಳುವ ನಿನಗೆ ಇದೆಲ್ಲ ಸಲೀಸು. ಉತ್ತರ ಎರಡು ತಿಂಗಳು ತಡವಾಯಿತು, ಕ್ಷಮಿಸು. ಪ್ರಯೋಗ ಮಾಡಿ ನೋಡಲು ಹೋಗಿದ್ದೆ.

ಹೋದ ಶನಿವಾರ ಕರ್ಕ್‌ಲ್ಯಾಂಡಿನಲ್ಲಿ ನಮ್ಮ ಕನ್ನಡ ಕೂಟದ ಯುಗಾದಿ. ಬಿಸಿಬೇಳೆಬಾತ್ ಸ್ಪರ್ಧೆಗೆ ನಾನೊಬ್ಬನೇ ತೀರ್ಪುಗಾರ. ಹೆಂಡತಿಯೂ ಸ್ಪರ್ಧೆಯಲ್ಲಿದ್ದಾಳೆ, ಬೇಡ ಎಂದೆ. ಕಾರ್ಯದರ್ಶಿ ಮಹೇಶ ಬಿಡಲಿಲ್ಲ. "ಪಾತ್ರೆ ಮೇಲೆ ನಂಬರ್ ಮಾತ್ರ ಇರತ್ತೆ ಸಾರ್. ಮಿಕ್ಕೋರಿಗೆಲ್ಲ ಫ್ರೆಂಡ್ಸ್ ಇದಾರೆ. ನಿಮಗೆ ಯಾರೂ ಇಲ್ವಲ್ಲ, ಅದೇ ಕ್ವಾಲಿಫಿಕೇಶನ್."

ಆರು ಪಾತ್ರೆ. ಐದನೆಯದು ಬಾಯಿಗೆ ಬಿದ್ದೊಡನೆ ನಾಲಿಗೆ ಎದ್ದು ಕುಳಿತಿತು. ಮರಾಠಿ ಮೊಗ್ಗು ಒಂದು ಹೆಜ್ಜೆ ಮುಂದೆ, ಹುಣಸೆ ಹಿಂದೆ. ಇದು ವಂದನಾಳದೇ, ನಿನ್ನವಳೆಂದು ಹೆಚ್ಚು ಕೊಡಬೇಡ, ಎಂದು ಬುದ್ಧಿ ಎಚ್ಚರಿಸಿತು. ಹತ್ತಕ್ಕೆ ಒಂಬತ್ತು ಕೊಡಬೇಕಾದಲ್ಲಿ ನಾಲ್ಕು ಬರೆದೆ. ಎರಡನೆಯದು ಯಾರದೋ, ತಕರಾರಿಲ್ಲದ ರುಚಿ. ಅದಕ್ಕೆ ಎಂಟು. ಒಳಗೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅಲ್ಲಿಂದಲೇ ನಿನಗೆ ಫೋನ್ ಮಾಡೋಣವೆನಿಸಿತು.

ಮಹೇಶ ಮೈಕಿನಲ್ಲಿ ಕೂಗಿದ: ಮೊದಲ ಬಹುಮಾನ, ಎರಡನೇ ಪಾತ್ರೆ, ವಂದನಾ!

"ಮನೆಯವರು ಜಡ್ಜ್ ಆದ್ರೆ ಹಿಂಗೇ," ಎಂದರು ಯಾರೋ. ಅಂಕಪಟ್ಟಿ ಗೋಡೆಗೆ ಬಂತು. ಐದನೆಯದು ಪಕ್ಕದ ಡುವಾಲ್ ಊರಿನ ಗ್ರೀಷ್ಮಾಳದು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ಇಲ್ಲಿ ಅವಳಿಗೆ ಮೊದಲ ಯುಗಾದಿ. "ಅಂಕಲ್, ವಂದನಾ ಆಂಟಿ ಮನೇಲಿ ಕುಟ್ಟಿದ್ದ ಪುಡಿ ಎಲ್ಲಾ ನಂಗೇ ಕೊಟ್ಬಿಟ್ಟು, ತಾವು ಅಂಗಡಿ ಪುಡಿ ಹಾಕ್ಕೊಂಡ್ರು. ಆ ಪುಡಿಗೆ ನಾಲ್ಕಾ?" ಎಂದಳು. ಕಣ್ಣು ತುಂಬಿತ್ತು.

ನಾಲಿಗೆಯ ಕೆಲಸವನ್ನು ಬುದ್ಧಿ ಮಾಡಿತ್ತು. ಮಹೇಶನಿಗೆ ತಪ್ಪೊಪ್ಪಿಕೊಂಡೆ. "ಬಹುಮಾನದ ಫೋಟೋ ಆಗ್ಲೇ ವಾಟ್ಸಾಪ್ ಗ್ರೂಪಿಗೆ ಹೋಯ್ತಲ್ಲ ಸಾರ್," ಎಂದ.

ಕಾರಿನಲ್ಲಿ ವಂದನಾ ಕೇಳಿದಳು: "ನಂದು ಅಂತ ಗೊತ್ತಾಗೇ ಕೊಟ್ರಾ?"

"ಗೊತ್ತಾಗಿದ್ರೆ ನಾಲ್ಕೇ ಕೊಡ್ತಿದ್ದೆ," ಎಂದೆ, ಹೆಮ್ಮೆಯಿಂದ.

ನಿನ್ನ ತಾಯಿಯವರಿಗೆ ನಮಸ್ಕಾರ, ಮಗಳಿಗೆ ಆಶೀರ್ವಾದ.

ನಿನ್ನ,
ಶ್ರೀಧರ

ತಾ.ಕ.: ಮಾರನೆಯ ದಿನ ವಂದನಾ ಬಹುಮಾನದ ಕುಕ್ಕರನ್ನು ಗ್ರೀಷ್ಮಾಳಿಗೆ ಕೊಟ್ಟು ಬಂದಳು. ಬಂದವಳು ಕೋಪವಿಲ್ಲದೆಯೇ, "ಇಪ್ಪತ್ತೆರಡು ವರ್ಷ ಆ ಪುಡಿ ತಿಂದಿದೀರ. ಒಂದ್ ದಿನಾನಾದ್ರೂ ಚೆನ್ನಾಗಿದೆ ಅಂದಿದೀರಾ?" ಎಂದಳು. ಪಕ್ಷಪಾತವಾದೀತೆಂದು ಸುಮ್ಮನಿದ್ದೆ ಎನ್ನಲು ಬಾಯಿ ತೆರೆದು, ಮುಚ್ಚಿದೆ. ವೀರಣ್ಣ, ಸಲ್ಲಬೇಕಾದ್ದನ್ನು ಮನೆಯವರಿಗೆ ಬಾಯಿಬಿಟ್ಟು ಸಲ್ಲಿಸುವುದರ ಬಗ್ಗೆ ನಿನ್ನ ಗ್ರೀಕರು ಏನಾದರೂ ಹೇಳಿದ್ದಾರೆಯೇ?