ಒಣಗದ ವಾರ್ನಿಷ್

ಫ್ರಾಂಕ್ಲಿನ್, ಹ್ಯೂವಾನ್ ನದಿ ದಂಡೆ
೧೯ ಆಗಸ್ಟ್ ೧೯೮೪, ಭಾನುವಾರ

ಪ್ರೀತಿಯ ಡೆಸ್ಮಂಡ್,

ಹೇಗಿದ್ದೀಯಪ್ಪಾ? ಎಡಮಂಡಿಯ ನೋವು ಹೇಗಿದೆ? ದೇಶದ ಆ ತುದಿಯ ಫ್ರೀಮ್ಯಾಂಟಲ್‌ನಲ್ಲಿ ಇಲ್ಲಿಯಷ್ಟು ಚಳಿ ಇಲ್ಲವೆಂದು ಗೊತ್ತು, ಆದರೂ ಮಂಡಿಗೆ ಉಣ್ಣೆಪಟ್ಟಿ ಕಟ್ಟಿಕೋ. ಕ್ರಿಸ್ಮಸ್ಸಿಗೆ ನಾನು ಹೆಣೆದು ಕಳಿಸಿದ್ದು ತಲುಪಿತೋ ಇಲ್ಲವೋ, ನೀನು ಬರೆಯಲೇ ಇಲ್ಲ. ಈ ವಿಷಯದಲ್ಲಿ ನೀನು ನಿಮ್ಮಪ್ಪನ ಮಗನೇ. ನಿಮ್ಮಿಬ್ಬರ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಮೊಳೆ ಕೀಳುವ ಇಕ್ಕಳವೇ ಬೇಕು. ನನ್ನ ಆರೋಗ್ಯಕ್ಕೇನೂ ಧಾಡಿಯಿಲ್ಲ. ಕೋಳಿಗಳು ಚಳಿಗೆ ಮೊಟ್ಟೆ ನಿಲ್ಲಿಸಿವೆ, ನಾನಿನ್ನೂ ಕೆಲಸ ನಿಲ್ಲಿಸಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಇರುವುದು ಅಡುಗೆಮನೆಯಲ್ಲಿ, ನಿಮ್ಮಪ್ಪ ಕೂರುವ ಕುರ್ಚಿಯೂ ಅಲ್ಲೇ.

ಅವರ ವಿಷಯಕ್ಕೇ ಬರುತ್ತೇನೆ. ಏಪ್ರಿಲ್‌ನಲ್ಲಿ ಕೆಮ್ಮು ಹೆಚ್ಚಾಯಿತೆಂದು ಹೋಬಾರ್ಟ್‌ಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು, ಎರಡು ಶ್ವಾಸಕೋಶವೂ ಹೋಗಿದೆ, ಅಕ್ಟೋಬರಿನಲ್ಲಿ ಸೇಬಿನ ಗಿಡ ಹೂ ಬಿಡುವವರೆಗೆ ಇದ್ದರೆ ಅದೇ ದೊಡ್ಡದು ಅಂದರು. ನಿನಗೆ ಬರೆಯಕೂಡದೆಂದು ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದರು. ನಾಲ್ಕು ತಿಂಗಳು ಆ ಮಾತು ಉಳಿಸಿಕೊಂಡೆ, ಇವತ್ತು ಮುರಿಯುತ್ತಿದ್ದೇನೆ. ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ, “ವಿನ್ನಿ, ಶೆಡ್ಡಿನ ಕೆಳಗಿರೋ ಕೊನೇ ದಿಮ್ಮೀನ ಸೀಳಿಸ್ತೀನಿ. ಒಂದು ಸಣ್ಣ ದೋಣಿ. ಅದೊಂದು ಮುಗೀಲಿ, ಆಮೇಲೆ ನಾನು ಮಲಗಿಬಿಡ್ತೀನಿ” ಅಂದರು. ನಿಮ್ಮಪ್ಪ ಹೇಳಿದ್ದನ್ನು ಮಾಡುವವರು, ನನ್ನ ಕಷ್ಟವೇ ಅದು. ಒಂಬತ್ತು ವರ್ಷದ ಹಿಂದೆ, ನೀನು ಫೈಬರ್ ದೋಣಿಯ ಕಾರ್ಖಾನೆ ಸೇರುತ್ತೇನೆ ಅಂದ ದಿನ, “ಹೋಗು, ಪ್ಲಾಸ್ಟಿಕ್ ಬಕೆಟ್ ಮಾಡ್ಕೊಂಡಿರು, ನಿನ್ನ ಹೆಸರು ಎತ್ತಿದರೆ ಕೇಳು” ಅಂದಿದ್ದರಲ್ಲ. ಇವತ್ತಿನವರೆಗೂ ಎತ್ತಿಲ್ಲ.

ಆ ದಿಮ್ಮಿ ನಿನಗೆ ನೆನಪಿರಬೇಕು. ನೀನು ಹುಟ್ಟಿದ ವರ್ಷದ ನೆರೆಯಲ್ಲಿ ಹೊಳೆಯಿಂದ ಎಳೆದು ತಂದ ಹ್ಯೂವಾನ್ ಪೈನ್. ಎಷ್ಟು ದುಡ್ಡು ಕೊಡುತ್ತೇವೆಂದರೂ ಯಾರಿಗೂ ಕೊಟ್ಟಿರಲಿಲ್ಲ. ಗರಗಸ ಬಿದ್ದ ದಿನ ಎಣ್ಣೆಯ ಪರಿಮಳ ರಸ್ತೆಯವರೆಗೂ ಬಂದಿತ್ತು. ಹನ್ನೆರಡು ಅಡಿಯ ದೋಣಿ, ಜುಲೈ ಮೊದಲ ವಾರದ ಹೊತ್ತಿಗೆ ಮರಗೆಲಸ ಮುಗಿಯಿತು. ಹತ್ತು ಸಲ ಸುತ್ತಿಗೆ ಬಡಿದು ಐದು ನಿಮಿಷ ಕೂರುತ್ತಿದ್ದರು, ಆದರೂ ಒಂದು ಹಲಗೆ ಒಂದೆಳೆ ಆಚೀಚೆ ಆಗಿಲ್ಲ. ಯಾರಿಗೆ ಈ ದೋಣಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಂದು ದಿನ ಗುಡಿಸಲು ಹೋದವಳು ಸುಮ್ಮನೆ ಒಳಗೆ ಕೂತು ನೋಡಿದೆ. ಹುಟ್ಟು ಹಾಕುವಾಗ ಪಾದ ಒತ್ತಲು ಒಂದು ಅಡ್ಡಹಲಗೆ ಇರುತ್ತದಲ್ಲ, ಅದು ನನಗೆ ಎಟುಕಲಿಲ್ಲ. ನಿಮ್ಮಪ್ಪನಿಗೂ ಎಟುಕುವ ದೂರವಲ್ಲ ಅದು. ನಮ್ಮ ಮನೆಯಲ್ಲಿ ಅಷ್ಟುದ್ದದ ಕಾಲು ಇರುವುದು ಯಾರಿಗೆ? ಅಲ್ಲದೆ, ಎಡಗಾಲಿನ ಕಡೆ ಒಂದಿಷ್ಟು ಹತ್ತಿರ ಬರುವಂತೆ ಹಲಗೆಯನ್ನು ಓರೆಯಾಗಿ ಕೂರಿಸಿದ್ದಾರೆ, ಮಂಡಿ ಪೂರ್ತಿ ಚಾಚಲಾಗದವನಿಗೆ ಅನುಕೂಲವಾಗಲಿ ಅಂತ. ನಾನು ಅಲ್ಲೇ ಕೂತು ಅತ್ತೆ.

ಇನ್ನು ಉಳಿದಿದ್ದು ವಾರ್ನಿಷ್ ಮಾತ್ರ. ಆರು ಕೈ ಹಚ್ಚಿದರೆ ಹತ್ತು ದಿನದ ಕೆಲಸ ಎಂದುಕೊಂಡಿದ್ದೆವು. ಮೊದಲ ಕೈ ಹಚ್ಚಿ ಮೂರು ದಿನವಾದರೂ ಬೆರಳಿಟ್ಟರೆ ಜೇನಿನ ಹಾಗೆ ಅಂಟುತ್ತಿತ್ತು. ಚಳಿಗೆ ಹೀಗಾಗಿದೆ ಎಂದು ಶೆಡ್ಡಿನಲ್ಲಿ ಒಲೆ ಹೊತ್ತಿಸಿದರು. ನಾಲ್ಕು ದಿನ ಬೆಂಕಿ ಉರಿಸಿದ್ದಕ್ಕೆ ಬೆಕ್ಕು ಸುಖವಾಗಿ ಮಲಗಿತೇ ಹೊರತು ವಾರ್ನಿಷ್ ಒಣಗಲಿಲ್ಲ. ಪಕ್ಕದ ಮನೆಯ ನೆವಿಲ್ ನೋಡಲು ಬಂದವನು, “ಅಲ್ವೋ ಕ್ಲಾರಿ, ದೋಣಿ ಕಟ್ಟಿದ್ದೀಯೋ, ನೊಣ ಹಿಡಿಯೋ ಅಂಟುಕಾಗದ ಮಾಡಿದ್ದೀಯೋ?” ಅಂದ. “ನೊಣಕ್ಕಿಂತ ಮುಂಚೆ ನೀನೇ ಬಂದು ಕೂತೆಯಲ್ಲ!” ಅಂದರು ಅಪ್ಪ. ಆಮೇಲೆ ಇಬ್ಬರೂ ನಕ್ಕರು, ಆ ನಗು ಕೆಮ್ಮಾಗಿ ಕಾಲು ಗಂಟೆ ನಿಲ್ಲಲಿಲ್ಲ. ಡಬ್ಬಿ ಹಳೆಯದಾಗಿದೆ, ಹೊಸದು ತರಿಸು ಎಂದು ನೆವಿಲ್ ಹೇಳಿದ್ದಕ್ಕೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮುಖ ತಿರುಗಿಸಿದರು. ಆದರೂ ನಾನು ಹೋಬಾರ್ಟ್‌ನಿಂದ ಹೊಸ ಡಬ್ಬಿ ತರಿಸಿದೆ. ಪೇಂಟ್ ಅಂಗಡಿಯವನು, “ಎಣ್ಣೆ ಮರ ಅಲ್ವಾ ತಾಯೀ, ಹಚ್ಚೋಕೆ ಮುಂಚೆ ಅಸಿಟೋನ್‌ನಲ್ಲಿ ಒರೆಸಿ, ಮೇಲಿನ ಎಣ್ಣೆ ಹೋಗುತ್ತೆ, ಎಣ್ಣೆ ಇದ್ರೆ ವಾರ್ನಿಷ್ ಒಣಗಲ್ಲ, ಆರಿದ ತಕ್ಷಣ ತೆಳ್ಳಗೆ ಒಂದು ಕೈ ಹಾಕಿ” ಎಂದು ಹೇಳಿ ಕಳಿಸಿದ್ದ. ಐವತ್ತು ವರ್ಷ ಇದನ್ನೇ ಮಾಡಿದವರಿಗೆ ಈ ಬೋಧನೆ! ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ಕೆರೆದು, ಮತ್ತೆ ಒರೆಸಿ, ನೀರಿನಷ್ಟು ತೆಳ್ಳಗೆ ಹಚ್ಚಿದರು. ಅದೂ ಒಣಗಲಿಲ್ಲ. ಎರಡನೇ ಸಲ ಕೆರೆದ ಸಂಜೆ ಊಟಕ್ಕೆ ಕೂತವರು ಸೂಪಿನ ಬಟ್ಟಲು ಪಕ್ಕಕ್ಕೆ ತಳ್ಳಿ, ತಮ್ಮ ಎರಡು ಅಂಗೈಗಳನ್ನೇ ನೋಡುತ್ತ, “ನನ್ನ ಕೈ ಹೋಯ್ತು ಕಣೇ” ಅಂದರು. ಎದೆ ಹೋಯಿತೆಂದು ಡಾಕ್ಟರು ಹೇಳಿದಾಗ ಈ ಮುಖ ಮಾಡಿರಲಿಲ್ಲ.

ನನಗೆ ತಡೆಯಲಾಗಲಿಲ್ಲ, ಡೆಸ್. ದೋಣಿ ಕಟ್ಟುವವನ ಹೆಂಡತಿಯಾಗಿ ನಲವತ್ತಾರು ವರ್ಷ ಕಳೆದವಳಿಗೆ ಅಷ್ಟಿಷ್ಟು ಗೊತ್ತಿರುತ್ತದೆ. ಬಿಸಾಡಿದ ಹಲಗೆಯ ತುಂಡೊಂದನ್ನು ತೊಳೆಯುವ ಮನೆಗೆ ತಂದೆ. ಅವರು ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನೆದಾಗ, ನನ್ನ ಕೈಯಿಂದ ಹೋದದ್ದು ಒಂದೇ ಒಂದು: ಒರೆಸುವ ಬಟ್ಟೆ. ಹಳೆಯ ಹಾಸಿಗೆ ಹೊದಿಕೆಗಳನ್ನು ಹರಿದು ಕೊಡುತ್ತಿದ್ದೆ, ಒಗೆದು ಒಗೆದು ಮೆತ್ತಗಾದ ಒಳ್ಳೆಯ ಹತ್ತಿ. ಅವನ್ನು ಇಟ್ಟಿದ್ದದ್ದು ನನ್ನ ಮದುವೆಯ ಪೆಟ್ಟಿಗೆಯಲ್ಲಿ. ಈ ಕಣಿವೆಯ ಹೆಂಗಸರೆಲ್ಲ ಮಾಡುವ ಹಾಗೆ ನಾನೂ ನುಸಿ ಬರದಿರಲೆಂದು ಇದೇ ಪೈನಿನ ಹೆರೆಪುಡಿ ಹಾಕಿ, ವರ್ಷಕ್ಕೆರಡು ಸಲ ಅದರ ಎಣ್ಣೆಯನ್ನೂ ಸುರಿಯುತ್ತ ಬಂದವಳು. ತುಂಡಿನ ಅರ್ಧವನ್ನು ಆ ಬಟ್ಟೆಯಲ್ಲಿ, ಇನ್ನರ್ಧವನ್ನು ಅಂಗಡಿಯ ಹೊಸ ಬಟ್ಟೆಯಲ್ಲಿ ಅಸಿಟೋನ್ ಹಾಕಿ ಒರೆಸಿ ವಾರ್ನಿಷ್ ಹಚ್ಚಿದೆ. ಮರುದಿನ ಹೊಸ ಬಟ್ಟೆಯ ಕಡೆ ಗಾಜಿನಂತೆ ಒಣಗಿತ್ತು, ಪೆಟ್ಟಿಗೆಯ ಬಟ್ಟೆಯ ಕಡೆ ಬೆರಳು ಅಂಟಿತು. ಎಣ್ಣೆ ತೆಗೆಯಲು ಕೊಟ್ಟ ಬಟ್ಟೆಯೇ ಎಣ್ಣೆ ಬಳಿಯುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಓಡಿಹೋಗಿ ಹೇಳಬೇಕಿತ್ತು. ನಿಮ್ಮ ಕೈ ಎಲ್ಲೂ ಹೋಗಿಲ್ಲ, ತಪ್ಪು ನನ್ನದು ಅನ್ನಬೇಕಿತ್ತು. ಬಾಗಿಲವರೆಗೆ ಹೋದೆ ಕೂಡ. ಅವರು ಬೆನ್ನು ಹಾಕಿ ಕೂತು ಕೆರೆಯುವ ಅಲಗನ್ನು ಮಸೆಯುತ್ತಿದ್ದರು. ವಾರ್ನಿಷ್ ಒಣಗಿದರೆ ದೋಣಿ ಮುಗಿಯುತ್ತದೆ, ದೋಣಿ ಮುಗಿದರೆ ಇವರು ಮಲಗುತ್ತಾರೆ ಎಂಬುದು ಆಗ ಹೊಳೆಯಿತು. ವಾಪಸು ಬಂದು ಆ ತುಂಡನ್ನು ಒಲೆಗೆ ಹಾಕಿದೆ. ಅಂದಿನಿಂದ ಗೊತ್ತಿದ್ದೂ ಗೊತ್ತಿದ್ದೂ ಅದೇ ಪೆಟ್ಟಿಗೆಯ ಬಟ್ಟೆ ಹರಿದು ಕೊಡುತ್ತಿದ್ದೇನೆ. ಮೂರನೆಯ ಸಲ ಕೆರೆದರು, ನಾಲ್ಕನೆಯ ಸಲವೂ ಆಯಿತು. ಈಗ ಬಯ್ಯುವುದಿಲ್ಲ, ಮಾತೂ ಆಡುವುದಿಲ್ಲ. ಅವರ ಆಯಸ್ಸು ಬೆಳೆಸುತ್ತಿದ್ದೇನೋ, ಇರುವಷ್ಟು ಆಯಸ್ಸನ್ನು ಹಿಂಸೆ ಮಾಡುತ್ತಿದ್ದೇನೋ ನನಗೆ ಗೊತ್ತಾಗುತ್ತಿಲ್ಲ. ಹಸಿ ವಾರ್ನಿಷ್ ಕೆರೆದರೆ ಧೂಳೇಳುವುದಿಲ್ಲ, ಎದೆಗೆ ಹೋಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಪಾದ್ರಿಗಳ ಮುಂದೆ ಇದನ್ನು ಹೇಳುವ ಧೈರ್ಯ ನನಗಿಲ್ಲ. ನಿನ್ನ ಮುಂದೆ ಹೇಳಿದ್ದೇನೆ.

ನೀನು ಬಾ ಎಂದು ಬರೆಯಲು ಕೂತವಳು ನಾನು. ಆದರೆ ನೀನು ಬರುತ್ತೀಯೆಂಬ ನಂಬಿಕೆ ನನಗೆ ಉಳಿದಿಲ್ಲ. ಬಂದರೂ ಅವರು ಬಾಗಿಲು ತೆರೆಯುತ್ತಾರೆಂಬ ನಂಬಿಕೆಯೂ ಇಲ್ಲ. ಗುಣವಾಗುವ ಮಾತಂತೂ ಇಲ್ಲವೇ ಇಲ್ಲ. ಮೆಟ್ಟಿಲು ಹತ್ತಲಾರದೆ ಅವರು ಹದಿನೈದು ದಿನದಿಂದ ಕೆಳಗಿನ ಕೋಣೆಯಲ್ಲೇ ಮಲಗುತ್ತಿದ್ದಾರೆ. ಇಷ್ಟು ನಿನಗೆ ತಿಳಿದಿರಲಿ. ನಾಳೆ ಯಾರೋ ಹೇಳಿ ನಿನಗೆ ಗೊತ್ತಾಗುವುದು ಬೇಡ.

ನೆವಿಲ್ ಮತ್ತು ಅವನ ಹೆಂಡತಿ ನಿನ್ನನ್ನು ಕೇಳಿದ್ದಾರೆ. ಹೊತ್ತುಹೊತ್ತಿಗೆ ಊಟ ಮಾಡು, ಆ ಫೈಬರಿನ ಪುಡಿ ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೋ, ಈ ಒಂದು ವಿಷಯದಲ್ಲಾದರೂ ನಿಮ್ಮಪ್ಪನ ಹಾಗೆ ಆಗಬೇಡ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನನ್ನು ದಿನವೂ ನೆನೆಯುವ,
ಅಮ್ಮ

ಮರೆತ ಮಾತು: ಸೋಮವಾರ ಬೆಳಗ್ಗೆ, ಅಂಚೆಯ ವ್ಯಾನ್ ಬರುವ ಹೊತ್ತು, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ನಿನಗೆ ಎಲ್ಲ ಬರೆದ ಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಸಾಕು ಈ ಮೋಸ ಎಂದು ಇವತ್ತು ಅಂಗಡಿಯ ಹೊಸ ಬಟ್ಟೆಯನ್ನೇ ಹರಿದು, ಯಾವತ್ತಿನಂತೆ ಮಡಿಚಿ ಕೊಟ್ಟೆ. ಮೂಗಿಗೆ ಹಿಡಿದು ನೋಡಿದರು. ಮೇಜಿನ ಮೇಲಿಟ್ಟು, “ಇದು ಬೇಡ ವಿನ್ನಿ, ಪೆಟ್ಟಿಗೇದೇ ಕೊಡು” ಅಂದರು. “ಮೂರನೇ ಸಲಾನೇ ಮೂಗಿಗೆ ಬಂತು ಕಣೇ. ನನ್ನ ಮರದ ವಾಸನೆ ನನಗೆ ಗೊತ್ತಾಗಲ್ವಾ?” ಅಂದರು. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು, ನನ್ನ ಮುಖ ನೋಡದೆ ಕೇಳಿದರು: “ಫ್ರೀಮ್ಯಾಂಟಲ್‌ಗೆ ಕಾಗದ ಹೋಗೋಕೆ ಎಷ್ಟು ದಿನ ಬೇಕು? ಡೆಸ್ಮಂಡ್ ಅಲ್ಲಿಂದ ಬರೋಕೆ ಎಷ್ಟು ದಿನ ಬೇಕು?” ಪೆಟ್ಟಿಗೆಯಲ್ಲಿ ಕೊನೆಯ ಒಂದೇ ಹೊದಿಕೆ ಉಳಿದಿದೆ, ಡೆಸ್. ಎಷ್ಟು ಸಣ್ಣಗೆ ಹರಿದರೂ, ದಿನಕ್ಕೊಂದರಂತೆ, ಹದಿನಾಲ್ಕು ತುಂಡಿಗಿಂತ ಹೆಚ್ಚಾಗುವುದಿಲ್ಲ.