ದಾಕ್ಷಾಯಣಿ ಅಜ್ಜಿಯ ಧ್ವನಿ

ಅಡಿಲೇಡ್
೧೪ ಜುಲೈ ೨೦೨೫

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಥಾರ್ನ್ಲಿಯಲ್ಲೂ ಚಳಿ ಜೋರಾಗಿದೆಯೆಂದು ಅನಿಲಣ್ಣ ಹೇಳಿದ. ಮಫ್ಲರ್ ಇಲ್ಲದೆ ವಾಕಿಂಗ್ ಹೋಗಬೇಡಿ. ಎದೆಯ ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ನಾಳೆ ನಿಮ್ಮ ಪರ್ತ್‌ಗೆ ಹೊರಟಿರುವ ಜಯಪ್ರಕಾಶ ಅಂಕಲ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಹೊರಟು ಎರಡು ಸಲ ಇಟ್ಟುಬಿಟ್ಟೆ.

ಇಲ್ಲಿಯ ಸಂಗ್ರಹಕಾರರೊಬ್ಬರ ಶೆಡ್ಡಿನಲ್ಲಿ ಸಿಕ್ಕಿದ ಆ ಹಳೆಯ ಟಾಕಿ ಚಿತ್ರವನ್ನು ನಿನ್ನೆ ಕನ್ನಡ ಸಂಘದ ಕೆಲವರು ಕೂತು ನೋಡಿದೆವು. ಪತ್ತೇದಾರಿ ಕಾದಂಬರಿಯೊಂದರಿಂದ ಮಾಡಿದ್ದು. ಮೈಸೂರಿನ ಬಂಗಲೆ, ಕಳುವಾದ ವಜ್ರದ ಓಲೆ, ಕೋಟು ಪೇಟ ತೊಟ್ಟ ಪತ್ತೇದಾರ. ಆ ಮನೆಯ ಅಡುಗೆಯಾಕೆಯಾಗಿ ನಟಿಸಿರುವವರು, ನೀವು ಊಹಿಸಿದಂತೆ, ನಿಜಕ್ಕೂ ನಿಮ್ಮ ಅಮ್ಮನೇ, ಅಪ್ಪಾ. ನಿಮಗೆ ಎರಡು ತುಂಬುವ ಮೊದಲೇ ಹೋದ ದಾಕ್ಷಾಯಣಿ ಅಜ್ಜಿ. ಹಣೆ, ಗಲ್ಲ ನಿಮ್ಮವೇ. ಹಿಂದೆ ಗರಗರ ಸದ್ದಿದ್ದರೂ ಮಾತು ಸ್ಪಷ್ಟವಾಗಿದೆ. "ಅಮ್ಮನ ಫೋಟೋ ಒಂದಿದೆ, ಧ್ವನಿ ಹೇಗಿತ್ತೋ ಯಾರೂ ಹೇಳ್ಲಿಲ್ಲ" ಎಂದು ನೀವು ಎಷ್ಟು ಸಲ ಹೇಳಿಲ್ಲ.

ಆದರೆ ಕಥೆಯಲ್ಲಿ ಆಕೆಯ ಕೊಲೆಯಾಗುತ್ತದೆ. ಕಳ್ಳ ಯಾರೆಂದು ಆಕೆಗೆ ಗೊತ್ತಾಯಿತೆಂದು ಅವನೇ ಬಂದು ಕತ್ತು ಹಿಸುಕುತ್ತಾನೆ. ಆ ಚೀರಾಟ ಕೇಳಿ ನಾನು ಕಿವಿ ಮುಚ್ಚಿಕೊಂಡೆ. ನಿಮ್ಮ ಮೊಮ್ಮಗಳು ಪ್ರಣತಿ "ಸಾರಿ ಮಮ್, ಐ ಕಾಂಟ್" ಎಂದು ಎದ್ದು ಹೊರಗೆ ಹೋದಳು. ಎಂಬತ್ತೇಳರ ವಯಸ್ಸಿನಲ್ಲಿ, ಸ್ಟೆಂಟ್ ಹಾಕಿಸಿಕೊಂಡ ಎದೆಯಲ್ಲಿ, ನೀವು ಅದನ್ನು ಹೇಗೆ ತಡೆದುಕೊಳ್ಳುತ್ತೀರಿ? ಶನಿವಾರ ಸಂಘದವರು ಇಲ್ಲಿ ಇಟ್ಟಿರುವ ಪ್ರದರ್ಶನಕ್ಕೆಂದು ವಿಮಾನದ ಟಿಕೆಟ್ ತೆಗೆಸಿದ್ದೀರಂತೆ. ದಯವಿಟ್ಟು ರದ್ದು ಮಾಡಿಸಿ. ಕತ್ತಲ ಹಾಲ್‌ನಲ್ಲಿ ನಿಮಗೇನಾದರೂ ಆದರೆ ಎಂಬ ಯೋಚನೆಯಲ್ಲಿ ನನಗೆ ಊಟ ಸೇರುತ್ತಿಲ್ಲ. ಕೊಲೆಯ ಭಾಗ ಬಿಟ್ಟು ಉಳಿದದ್ದನ್ನು ನಾನೇ ಅಲ್ಲಿಗೆ ತಂದು ತೋರಿಸುತ್ತೇನೆ.

ಅಣ್ಣ ಅತ್ತಿಗೆಗೆ ನನ್ನ ನೆನಪು ತಿಳಿಸಿ. ನನ್ನ ಮೇಲೆ ಕೋಪ ಬೇಡ, ಆಶೀರ್ವಾದವಿರಲಿ.

ನಿಮ್ಮ ಮಗಳು,
ವೇದಾ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಅಣ್ಣ ಫೋನ್ ಮಾಡಿದ. ನಿನ್ನೆ ನಾನು ತಿಳಿಸಿದ್ದ ಕೊಲೆಯ ವಿಷಯವನ್ನು ಅವನೇ ನಿಮಗೆ ಹೇಳಿಬಿಟ್ಟನಂತೆ. "ಅಮ್ಮ ಸತ್ತಿದ್ದು ನಂಗೆ ಗೊತ್ತಿರೋದೇ ಕಣೋ. ಮಾತಾಡೋದು ಕೇಳ್ಬೇಕು" ಎಂದಿರಂತೆ. ಹಾಗಾದರೆ ಬನ್ನಿ ಅಪ್ಪಾ, ಏರ್‌ಪೋರ್ಟಿಗೆ ನಾನೇ ಬರುತ್ತೇನೆ. ನನಗೆ ಕೊಲೆಗಿಂತ ಹೆಚ್ಚು ಭಯವಿರುವುದು ಅದಕ್ಕೂ ಮುಂಚಿನ ಒಂದು ಚಿಕ್ಕ ದೃಶ್ಯದ ಬಗ್ಗೆ. ಅಜ್ಜಿ ಹಿತ್ತಿಲ ಬಾಗಿಲಲ್ಲಿ ನಿಂತು, ಆಡುತ್ತಿರುವ ಮಗುವೊಂದನ್ನು ಕರೆಯುತ್ತಾರೆ: "ಬಾರೋ ಕಂದ, ಎಷ್ಟೊತ್ತು ಆಡ್ತೀಯ? ಅನ್ನ ಆರಿಹೋಗುತ್ತೆ." ಆ ದೃಶ್ಯ ಬಂದಾಗ ನನ್ನ ಕೈ ಹಿಡಿದುಕೊಳ್ಳಿ.