ನೋಟನೀರಿನ ಶನಿವಾರ

ಬಾನ್ ಸಮೇ ಗ್ರಾಮ, ಸಿಯಾಮ್ ಕೊಲ್ಲಿಯ ಪಶ್ಚಿಮ ದಂಡೆ
ಕ್ರಿಸ್ತಶಕ 2174ರ ಕಾರ್ತಿಕ ಮಾಸ. ಇಲ್ಲಿನವರ ಬುದ್ಧಶಕದಲ್ಲಿ 2717

ವಾರಾಂತ್ಯಕ್ಕೆ ಕಡಲತಡಿಯಲ್ಲಿ ಅಗ್ಗದ ಮನೆ ಹುಡುಕುತ್ತಿರುವವರೇ,

ಮೇಲಿನ ತಾರೀಖು ನೋಡಿ ನಗಬೇಡಿ. ನೀವು ಹುಟ್ಟಿ, ರಜೆ ಕಳೆದು, ತೀರಿಕೊಂಡು ಬಹಳ ಕಾಲವಾದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನನ್ನ ಹೆಸರು ವನೀದಾ. ನನ್ನ ಮುತ್ತಜ್ಜಿ ಗಂಗೊಳ್ಳಿಯಿಂದ ಬಲೆ ಹೆಣೆಯುವ ಕೆಲಸಕ್ಕೆ ಈ ದಂಡೆಗೆ ಬಂದು, ಇಲ್ಲಿನ ಮೀನುಗಾರನನ್ನು ಮದುವೆಯಾಗಿ ಇಲ್ಲೇ ಉಳಿದವಳು. ಆಕೆಯ ಮಾತು ನಮ್ಮ ಮನೆಯಲ್ಲಿ ಹೆಚ್ಚಾಗಿ ಬೈಯಲಿಕ್ಕೆ ಬಳಕೆಯಾಗಿ ಬದುಕಿತು. ಬರೆಯುವ ಕನ್ನಡವನ್ನು ನಾನು ದೊಡ್ಡವಳಾದ ಮೇಲೆ ಕಲಿತೆ. ಹಾಗಾಗಿ ಕೆಲವು ವಾಕ್ಯ ಬಿಗಿಯಾಗಿ ಕಾಣಬಹುದು, ಕೆಲವು ಪದ ನಿಮ್ಮ ಕಾಲದಲ್ಲಿ ಇಲ್ಲದಿರಬಹುದು. ಪದಗಳಿಗಾಗಿ ಕ್ಷಮೆ ಕೇಳುತ್ತೇನೆ. ಸಿಟ್ಟಿಗಾಗಿ ಕೇಳುವುದಿಲ್ಲ.

ನಮ್ಮದು ತೇಲ್ಮನೆ. ನೀರು ಏರಿದಾಗ ಏರಿ, ಇಳಿದಾಗ ಇಳಿಯುವ, ಹಗ್ಗಗಳಿಂದ ಕಂಬಕ್ಕೆ ಕಟ್ಟಿದ ಮನೆಗೆ ಆ ಹೆಸರು. ನೀವು ಚಿತ್ರಗಳಲ್ಲಿ ನೋಡುವ ಮರಳ ದಂಡೆ ಈಗ ನಮ್ಮ ಅಡುಗೆಮನೆಯ ಕೆಳಗೆ ಮುಳುಗಿದೆ. ಒಳಗೆ ಎರಡು ಕೋಣೆ. ಒಂದರಲ್ಲಿ ನಾವು, ಇನ್ನೊಂದರಲ್ಲಿ ಆಗ ಶನಿವಾರ ಬಂದು ಭಾನುವಾರ ಹೋಗುವ ಅತಿಥಿಗಳು ಇರುತ್ತಿದ್ದರು. ನೆಲದ ಮೇಲೆ ಚಾಪೆ, ಸೊಳ್ಳೆಪರದೆ, ಬೆಳಿಗ್ಗೆ ಗಂಜಿ, ಮಧ್ಯಾಹ್ನ ಸುಟ್ಟ ಬಂಗುಡೆ ಮತ್ತು ಅನ್ನ. ಮುಂದಿನ ಜಗಲಿಯಲ್ಲಿ ಬೊಂಡಾಸ ಮೀನು ಒಣಗಿಸುವ ಬಿದಿರಿನ ಚೌಕಟ್ಟು, ಹಿಂದೆ ಸಿಗಡಿಯನ್ನು ಉಪ್ಪಿನಲ್ಲಿ ಕೊಳೆಸುವ ಮಡಕೆಗಳು. ನಾತ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆ ನಾತದಲ್ಲೇ ನಾವು ಬೆಳೆದಿದ್ದೇವೆ.

ಅತಿಥಿಗಳನ್ನು ಮನೆಮನೆಗೆ ಹಂಚಿಕೊಡುವ ಕಂಪನಿಯವರನ್ನು ನಾವು ಹಂಚುಗಾರರು ಎನ್ನುತ್ತೇವೆ. ಹೋಗುವಾಗ ಅತಿಥಿ ನಮಗೆ ಗುಣ, ಅಂದರೆ ಅಂಕ, ಹಾಕುತ್ತಿದ್ದ. ಗುಣ ಇಳಿದರೆ ಮನೆ ಪಟ್ಟಿಯಿಂದ ಹೊರಗೆ. ಮೊದಲು ಯಾರೋ ಮಡಕೆಗಳ ನಾತಕ್ಕೆ ಗುಣ ಕಡಿಮೆ ಹಾಕಿದರು. ಮಡಕೆಗಳನ್ನು ಊರಾಚೆ ಸಾಗಿಸಿದೆವು. ಆಮೇಲೆ ಇನ್ಯಾರಿಗೋ ಬೆಳಗಿನ ದೋಣಿಗಳ ಸದ್ದಿನಿಂದ ನಿದ್ದೆ ಕೆಟ್ಟಿತು. ದೋಣಿಗಳನ್ನು ದೂರ ಕಟ್ಟಿದೆವು. ಕೊನೆಗೆ ಬಲೆಯಲ್ಲಿ ಒದ್ದಾಡುವ ಮೀನನ್ನು ನೋಡಿ ಮಕ್ಕಳು ಅತ್ತರೆಂದು ಊರಿನ ಮುಂದಿನ ಕಡಲನ್ನೇ ಹಂಚುಗಾರರು ಸರಕಾರದಿಂದ ಗುತ್ತಿಗೆಗೆ ಪಡೆದು ನೋಟನೀರು ಎಂದು ಸಾರಿದರು. ನೋಡಲಿಕ್ಕಷ್ಟೇ ಇರುವ ನೀರು. ವಾರಾಂತ್ಯದಲ್ಲಿ ಅಲ್ಲಿ ಬಲೆ ಬೀಸುವಂತಿಲ್ಲ. ಆದರೆ ಅತಿಥಿಗಳಿಗೆ ಮೀನುಗಾರಿಕೆಯ ಅನುಭವ ಬೇಕೇ ಬೇಕು! ಅದಕ್ಕಾಗಿ ನನ್ನ ಅಣ್ಣ ತವೀ, ಈ ಕೊಲ್ಲಿಯ ಆಚೆ ಕೊನೆಯವರೆಗೂ ಹೋಗಿ ಬರುತ್ತಿದ್ದವನು, ಶನಿವಾರದ ದಿನ ತೂತಿನ ಬಲೆ ಹಿಡಿದು ದೋಣಿಯಲ್ಲಿ ನಿಂತು ಬೀಸುವ ನಾಟಕವಾಡಬೇಕಾಯಿತು. ಅತಿಥಿಗಳು ಚಪ್ಪಾಳೆ ತಟ್ಟುತ್ತಿದ್ದರು. ಅಣ್ಣ ಮನೆಗೆ ಬಂದು ಯಾರ ಮುಖವನ್ನೂ ನೋಡದೆ ಉಣ್ಣುತ್ತಿದ್ದ.

ಮೂರು ವರ್ಷದ ಹಿಂದೆ ಇದೇ ತಿಂಗಳಲ್ಲಿ, ಈಶಾನ್ಯದ ಗಾಳಿ ತಿರುಗುವ ಹೊತ್ತಿಗೆ, ಕನ್ನಡ ಮಾತಾಡುವ ಗಂಡಹೆಂಡತಿ ಬಂದರು. ಆತ ಚಿರಂತ, ಆಕೆ ಭಾರ್ಗವಿ. ನನ್ನ ಅಮ್ಮ ಲಮೂನ್‌ಗೆ ಆದ ಖುಷಿ ಹೇಳತೀರದು. ಹೊರಗಿನವರ ಬಾಯಲ್ಲಿ ಕನ್ನಡ ಕೇಳಿದ್ದು ಅವಳಿಗೆ ಅದೇ ಮೊದಲು. ಭಾರ್ಗವಿಯ ಕೂದಲಿಗೆ ಎಣ್ಣೆ ಹಚ್ಚಿದಳು, ನಮಗೆಂದು ಇಟ್ಟಿದ್ದ ಏಡಿಯನ್ನು ಅವರಿಗೆ ಬಡಿಸಿದಳು. ಒಳ್ಳೆಯ ಜನ ಎಂದೇ ನಾನೂ ಅಂದುಕೊಂಡೆ.

ಮಾರನೆಯ ಬೆಳಿಗ್ಗೆ ತವೀ ಅವರನ್ನು ದೋಣಿಯಲ್ಲಿ ಕರೆದೊಯ್ಯಬೇಕಿತ್ತು. ಮೂಡಣ ದಿಕ್ಕಿನಲ್ಲಿ ಆಕಾಶ ಕಾಡಿಗೆ ಬಳಿದಂತಿತ್ತು. ಎಚ್ಚರಿಕೆಯ ಸೈರನ್ ಕೂಗಿ ಸುಮ್ಮನಾಗಿತ್ತು. ಬಿರುಗಾಳಿ ಬರುತ್ತದೆಂದು ಅರಿಯಲು ಯಾವ ವಿದ್ಯೆಯೂ ಬೇಕಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು.

"ಇವತ್ತ್ ದೋಣಿ ಇಳ್ಸುಕಾಗ," ಎಂದಳು ಅಮ್ಮ. "ಕಡ್ಲ್ ಸಮ ಇಲ್ಲೆ."

"ಅಮ್ಮ ಹೇಳಿದ್ದು ಸರಿ. ನಾನು ಹೋಗುವುದಿಲ್ಲ," ಎಂದ ತವೀ. "ಇನ್ನೊಮ್ಮೆ ಬನ್ನಿ, ಕರೆದುಕೊಂಡು ಹೋಗುತ್ತೇನೆ."

ಚಿರಂತ ಗಂಜಿಯ ಬಟ್ಟಲು ಕೆಳಗಿಟ್ಟ. "ಇನ್ನೊಮ್ಮೆ ಅಂದ್ರೆ ಯಾವಾಗ? ಸಂಜೆ ನಾವು ಹೊರಡ್ಬೇಕು. ಇದಕ್ಕೆ ಅಂತಾನೇ ಇಷ್ಟು ದೂರ ಬಂದಿದ್ದೀವಿ. ಒಂದು ಸುತ್ತು ಹೋಗಿ ಬರೋಣ, ಅಷ್ಟೇ. ನೀವು ದಿನಾ ಹೋಗೋರಲ್ವಾ?"

"ಬೇಡ ಬಿಡಿ, ಅವರು ಇಷ್ಟು ಹೇಳ್ತಿದ್ದಾರಲ್ಲ," ಎಂದಳು ಭಾರ್ಗವಿ. ಆತ ಕೇಳಿಸಿಕೊಳ್ಳಲಿಲ್ಲ. ಹಂಚುಗಾರರಿಗೆ ಕರೆಮಾಡಿದ. ಅವರ ಕಡೆಯ ಕಿತ್ತಿ ಎಂಬವನು ಅಣ್ಣನೊಡನೆ ಮಾತಾಡಿದ. ಕಿತ್ತಿಯ ದನಿ ಜಗಲಿಗೆಲ್ಲ ಕೇಳುತ್ತಿತ್ತು. "ನಿನ್ನ ಮನೆಯ ಗುಣ ಆಗಲೇ ಇಳಿದಿದೆ ತವೀ. ಇವತ್ತು ದೋಣಿ ಹೊರಡದಿದ್ದರೆ ಮನೆ ಪಟ್ಟಿಯಲ್ಲಿರುವುದಿಲ್ಲ. ಆಮೇಲೆ ನನ್ನ ಬಾಗಿಲಿಗೆ ಬರಬೇಡ."

ಅಣ್ಣ ಕರೆಯನ್ನು ಮುಗಿಸಿದ. ಆಮೇಲೆ ಎದ್ದು ತೇಲುಬೆಂಡುಗಳನ್ನು ಹೆಗಲಿಗೆ ಹಾಕಿಕೊಂಡ. ನಾನು ಅವನ ತೋಳು ಹಿಡಿದೆ. "ದಡ ಬಿಟ್ಟು ದೂರ ಹೋಗುವುದಿಲ್ಲ ವನೀ," ಎಂದ. ಅಮ್ಮ ಬೈಯಲೂ ಇಲ್ಲ. ಒಳಗೆ ಹೋಗಿ ಕುಳಿತಳು.

ದೂರ ಹೋಗಲೂ ಇಲ್ಲ ಅವನು. ಜಗಲಿಯಿಂದ ನಮಗೆ ಕಾಣುತ್ತಲೇ ಇತ್ತು. ಚಿರಂತ ದೋಣಿಯ ಮೂತಿಯ ಬಳಿ ನಿಂತು ಕೈ ಬೀಸುತ್ತಿದ್ದ, ಭಾರ್ಗವಿ ನಡುವೆ ಕುಳಿತಿದ್ದಳು. ಗಾಳಿ ಒಂದೇ ಏಟಿಗೆ ಬಂತು. ನೀರೂ ಆಕಾಶವೂ ಒಂದಾದವು, ದೋಣಿ ಮಗುಚಿದ್ದು ಮಾತ್ರ ಕಂಡಿತು. ಊರಿನ ಗಂಡಸರು ತಮ್ಮ ದೋಣಿಗಳತ್ತ ಓಡಿದರು. ದೋಣಿಗಳನ್ನು ದೂರ ಕಟ್ಟಿಸಿದ್ದರಲ್ಲ, ನಿಮ್ಮ ನಿದ್ದೆ ಕೆಡಬಾರದೆಂದು! ಅವರು ಹೋಗಿ ತಲುಪುವಷ್ಟರಲ್ಲಿ ಚಿರಂತ, ಭಾರ್ಗವಿ ಇಬ್ಬರೂ ಬೆಂಡುಗಳಿಗೆ ಬಿಗಿಯಾಗಿ ಕಟ್ಟಲ್ಪಟ್ಟು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಬೇರುಗಳ ನಡುವೆ ಜೀವಂತ ತೇಲುತ್ತಿದ್ದರು. ಗಂಟು ತವೀಯದು. ತವೀ ಇರಲಿಲ್ಲ. ಗಾಳಿ ನಿಂತ ಮೇಲೆ ಅವನ ದೇಹ ಸಿಕ್ಕಿತು.

ವಿಚಾರಣೆ ಪಟ್ಟಣದಲ್ಲಿ ನಡೆಯಿತು. ಎಚ್ಚರಿಕೆ ಮೀರಿ ದೋಣಿ ಹೊರಡಿಸಿದವರು ಯಾರು ಎಂದು ಕೇಳಿದಾಗ ಚಿರಂತ ಎದ್ದು, ದೋಣಿಯವನೇ ಒತ್ತಾಯ ಮಾಡಿ ಕರೆದೊಯ್ದ, ಅಪಾಯವಿದೆಯೆಂದು ತಮಗೆ ಯಾರೂ ಹೇಳಲಿಲ್ಲ ಎಂದ. ಆತನ ಮುಖದಲ್ಲಿ ನಾಚಿಕೆ ಕಂಡೀತೆಂದು ಹುಡುಕಿದೆ. ಆತ ಹೇಳಿದ್ದಕ್ಕೆ ಕಿತ್ತಿ ಹೌದೆಂದು ತಲೆಯಾಡಿಸಿದ. ಸತ್ತವನ ಮನೆಯವರ ಸಾಕ್ಷಿ ನಡೆಯದು ಎಂದರು. ಆಗ ಅಮ್ಮ ಎದ್ದು ನಿಂತಳು. ಅಧಿಕಾರಿಯ ಕಡೆ ನೋಡದೆ ಭಾರ್ಗವಿಯನ್ನು ನೋಡಿ ಕನ್ನಡದಲ್ಲೇ ಕೇಳಿದಳು.

"ನೀನೇ ಹೇಳ್ ಮಗಾ. ಅವತ್ತ್ ಬ್ಯಾಡ ಅಂದದ್ದ್ ಯಾರ್?"

ಭಾರ್ಗವಿ ಗಂಡನ ಮುಖ ನೋಡಿದಳು. "ನಂಗೆ ಸರಿಯಾಗಿ ನೆನಪಿಲ್ಲ," ಎಂದಳು.

ತಪ್ಪು ತವೀಯದು ಎಂದು ತೀರ್ಪಾಯಿತು. ಸತ್ತವನಿಗೆ ಶಿಕ್ಷೆ ಕೊಡಲಾಗದ್ದರಿಂದ ಊರಿಗೆ ಕೊಟ್ಟರು. ಇನ್ನು ನೋಟನೀರಿನಲ್ಲಿ ಬಾನ್ ಸಮೇಯವರು ಯಾವ ದಿನವೂ ದೋಣಿ ಇಳಿಸಕೂಡದು ಎಂದರು. ಹೊರಗೆ ಬಂದು ನಾನು ಗೋಡೆಗೆ ಕೈ ಗುದ್ದಿಕೊಂಡೆ. ಬೆರಳು ಮುರಿಯಿತು. ಈಗಲೂ ಅದು ನೇರವಾಗಿಲ್ಲ.

ಆಮೇಲೆ ಮಾಡಿದ್ದನ್ನು ನಾವು ಗುಟ್ಟಾಗಿ ಮಾಡಲಿಲ್ಲ. ಮೊದಲ ಹಗ್ಗ ಕಡಿದವಳು ನಾನು. ದೋಣಿ ಇಳಿಸಕೂಡದು ಎಂದಿದ್ದರು, ಮನೆಯ ಬಗ್ಗೆ ಏನೂ ಹೇಳಿರಲಿಲ್ಲ. ಮುಂದಿನ ಶನಿವಾರ, ಅತಿಥಿಗಳ ಹಡಗು ಬರುವ ಹೊತ್ತಿಗೆ ಸರಿಯಾಗಿ, ನಮ್ಮ ತೇಲ್ಮನೆಯನ್ನು ಬಿಡಿಸಿ ಉದ್ದನೆಯ ಗಳುಗಳಿಂದ ನೂಕುತ್ತಾ ನೋಟನೀರಿನ ನಡುವಿಗೆ ಒಯ್ದೆವು. ಪಕ್ಕದ ಮನೆಯವರು ನಮ್ಮನ್ನು ನೋಡಿ ತಮ್ಮ ಹಗ್ಗ ಕಡಿದರು. ಸೂರ್ಯ ನೆತ್ತಿಗೇರುವಾಗ ಊರಿಗೆ ಊರೇ ಅಲ್ಲಿತ್ತು. ಅಡುಗೆಯ ಹೊಗೆ, ಒಣಗಲು ಹಾಕಿದ ಬಟ್ಟೆ, ಬೊಂಡಾಸ, ವಾಪಸು ತಂದ ಸಿಗಡಿ ಮಡಕೆಗಳು. ಜಗಲಿಗಳಿಂದಲೇ ನಿಜವಾದ ಬಲೆ ಬೀಸಿದೆವು. ಮೀನು ಒದ್ದಾಡಿತು. ಹಡಗಿನವರು ಮೂಗು ಮುಚ್ಚಿಕೊಂಡು ನೋಡಿದರು. ಕಾವಲುಪಡೆಯವರು ಬಂದರು, ನಮ್ಮ ಗಳುಗಳನ್ನು ಕಸಿದರು, ಕೆಲವರನ್ನು ಹಿಡಿದೊಯ್ದರು. ಅಮ್ಮನನ್ನೂ ಒಯ್ದರು. ಮನೆಗಳು ಕದಲಲಿಲ್ಲ. ಆ ಗಾಳಿಯ ಋತುವೆಲ್ಲ ಅಲ್ಲೇ ಉಳಿದೆವು. ನೋಟವೇ ಇಲ್ಲದ ನೋಟನೀರಿಗೆ ಅತಿಥಿಗಳು ಬರುವುದು ನಿಂತಿತು, ಹಂಚುಗಾರರು ಗುತ್ತಿಗೆ ಬಿಟ್ಟು ಬೇರೆ ದಂಡೆಗೆ ಹೋದರು. ಅಲ್ಲಿಯೂ ಯಾರದೋ ಅಣ್ಣನಿರುತ್ತಾನೆ ಎಂಬುದು ನನಗೆ ಗೊತ್ತಿದೆ. ಅದಕ್ಕೇ ಗೆದ್ದೆವು ಎಂದು ನಾನು ಹೇಳುವುದಿಲ್ಲ.

ಈ ವರ್ಷ ಭಾರ್ಗವಿ ಒಬ್ಬಳೇ ಬಂದಳು. ಬಾಗಿಲಲ್ಲಿ ನಿಂತು, "ಎಲ್ಲಾ ನೆನಪಿದೆ ಅಮ್ಮಾ. ಬರ್ಕೊಡ್ತೀನಿ, ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ," ಎಂದು ಅತ್ತಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಅಮ್ಮ ನನ್ನನ್ನು ಸರಿಸಿದಳು. "ಈಗ ಯಾರ್ ಕೇಂತ್ರ್ ಅದನ್ನ? ಬಾ, ಉಣ್," ಎಂದು ತಟ್ಟೆ ಹಾಕಿದಳು. ಭಾರ್ಗವಿ ಉಂಡಳು. ಬರೆದೂ ಕೊಟ್ಟಳು. ಪಟ್ಟಣದಲ್ಲಿ ಅದನ್ನು ತೆಗೆದುಕೊಂಡರು, ತವೀಯ ಹೆಸರಿನ ಮೇಲಿದ್ದ ತಪ್ಪನ್ನು ಅಳಿಸಿದರು. ಅಮ್ಮ ಅಂದು ಮೊದಲ ಸಲ ಗಟ್ಟಿಯಾಗಿ ಅತ್ತಳು. ನನಗೆ ಅಳು ಬರಲಿಲ್ಲ. ಅಮ್ಮ ಆಕೆಗೆ ಉಣಬಡಿಸಿದ್ದನ್ನು ನಾನು ಇನ್ನೂ ಒಪ್ಪಿಲ್ಲ.

ನಿಮಗೇಕೆ ಇದನ್ನೆಲ್ಲ ಹೇಳುತ್ತಿದ್ದೇನೆ? ನಿಮ್ಮ ಕಾಲದಲ್ಲಿ ಮಡಕೆಗಳು ಇನ್ನೂ ಮನೆಯ ಹಿಂದೆಯೇ ಇವೆ, ದೋಣಿಗಳು ಹತ್ತಿರವೇ ಇವೆ. ಮೊದಲು ಮೂಗು ಮುಚ್ಚಿಕೊಂಡವರು ನೀವು. ಬಡವರ ಬದುಕು ಬೇಕು, ಅದೂ ಅಗ್ಗಕ್ಕೆ ಬೇಕು, ಆದರೆ ನಾತವಿಲ್ಲದೆ, ಸದ್ದಿಲ್ಲದೆ, ಎರಡು ದಿನದೊಳಗೆ ಬೇಕು ಎಂದು ಮೊದಲು ಕೇಳಿದವರು ನೀವು. ಕೇಳಿದ್ದನ್ನೆಲ್ಲ ಕೊಡುತ್ತಾ ಹೋದರೆ ಕೊನೆಗೆ ಏನು ಉಳಿಯುತ್ತದೆಂದು ನೀವು ನೋಡಲಿಲ್ಲ. ನಾವು ನೋಡಿದೆವು.

ಆ ಮನೆಗಳಿಗೆ ನೀವು ಹೋಗುತ್ತೀರಿ, ನನಗೆ ಗೊತ್ತು. ಹೋಗಿ. ಚಾಪೆಯ ಮೇಲೆ ಮಲಗಿ, ಕೊಟ್ಟದ್ದನ್ನು ಉಣ್ಣಿ. ಬೆಳಿಗ್ಗೆ ಆ ಮನೆಯವನು ಆಕಾಶ ನೋಡಿ ಇವತ್ತು ಆಗುವುದಿಲ್ಲ ಎಂದರೆ, ಯಾರಿಗೂ ಕರೆಮಾಡಬೇಡಿ. ಇನ್ನೊಂದು ಬಟ್ಟಲು ಗಂಜಿ ಕೇಳಿ. ಅವನ ಜೊತೆ ಕುಳಿತು ಕುಡಿಯಿರಿ, ಅವನ ತಂಗಿಯ ಹೆಸರು ಕೇಳಿ, ಸಂಜೆ ಕಡಲಿಗೆ ಇಳಿಯದೆಯೇ ನಿಮ್ಮ ಊರಿಗೆ ಹಿಂತಿರುಗಿ.

ವನೀದಾ
ತವೀಯ ತಂಗಿ